ಗುರ್ ಅನ್ನುವ ನಾಯಿಯ ಬಾಯಿ ಮುಚ್ಚಿಸಬೇಡಿ

ಆಟಿ ತಿಂಗಳ ಒಂದು ಸಂಜೆ, ಮಳೆ ಬಿಡದೆ ಹೊಡೆಯುತ್ತಿದ್ದಾಗ, ಮಣಿಪಾಲ ಕಡೆಯ ಮನೆಯವರೊಬ್ಬರು ತಮ್ಮ ಮೂರು ವರ್ಷದ ಲ್ಯಾಬ್ರಡಾರನ್ನು ಉಡುಪಿಯ ನನ್ನ ಕ್ಲಿನಿಕ್ಕಿಗೆ ಕರೆತಂದರು. ನಾಯಿಯ ಮೂತಿಗೆ ಬಟ್ಟೆ ಸುತ್ತಿ ಕಟ್ಟಿದ್ದರು. ಹಿಂದಿನ ದಿನ ಅದು ಮನೆಯ ಎಂಟು ವರ್ಷದ ಹುಡುಗಿಯ ಕೈ ಕಚ್ಚಿತ್ತು.

"ಒಂದು ಸದ್ದು ಮಾಡ್ಲಿಲ್ಲ ಡಾಕ್ಟ್ರೇ, ಸೀದಾ ಕಚ್ಚಿದ್ದು. ಮೊದಲಾದ್ರೆ ಗುರ್ ಅಂತಿತ್ತು. ಟ್ರೈನರ್ ಬಂದ ಮೇಲೆ ಅದೂ ನಿಂತಿತ್ತು. ಸರಿಯಾಯ್ತು ಅಂತ ನಾವು ಗ್ರಹಿಸಿದ್ದು" ಅಂದರು ಮನೆಯ ಯಜಮಾನರು.

ನಾನು ಮೊದಲು ಕೇಳಿದ್ದು ಹುಡುಗಿಯ ವಿಷಯ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದಿದ್ದರು, ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಶುರುವಾಗಿತ್ತು. ಕಚ್ಚಿದ್ದು ಸಾಕಿದ ನಾಯಿ, ನಮ್ಮದೇ ನಾಯಿ ಎಂದು ಇದರಲ್ಲಿ ಯಾರೂ ಉದಾಸೀನ ಮಾಡಬಾರದು.

ಆಮೇಲೆ ನಾಯಿಯ ಬಲಗಿವಿ ಮಡಚಿ ನೋಡಿದೆ. ಒಳಗೆಲ್ಲ ಕೆಂಪು, ಕಂದು ಬಣ್ಣದ ಕೊಳೆ, ಹುಳಿ ವಾಸನೆ. ನಮ್ಮ ಕರಾವಳಿಯ ತೇವದಲ್ಲಿ ಜೋಲುಕಿವಿಯ ನಾಯಿಗಳಿಗೆ ಮಳೆಗಾಲದಲ್ಲಿ ಇಂಥ ಯೀಸ್ಟ್ ಸೋಂಕು ಬರುವುದು ಸಾಮಾನ್ಯ. ಮುಟ್ಟಿದರೆ ಜೀವ ಹೋಗುವಂಥ ನೋವು. ಎರಡು ತಿಂಗಳ ಹಿಂದೆ ತಲೆ ಸವರಲು ಹೋದವರಿಗೆಲ್ಲ ಅದು ಗುರ್ ಅನ್ನಲು ಶುರು ಮಾಡಿದ್ದು ಇದಕ್ಕೇ. ಮನೆಯವರು ಕರೆಸಿದ ತರಬೇತುದಾರರು ಕಿವಿ ನೋಡಲಿಲ್ಲ. "ಇದಕ್ಕೆ ತಾನೇ ಮನೆಯ ಯಜಮಾನ ಅಂತ ಆಗಿದೆ" ಎಂದರು. ಅಂಗಾತ ಕೆಡವಿ, ಕುತ್ತಿಗೆ ಅದುಮಿ, ಒದ್ದಾಟ ನಿಲ್ಲುವ ತನಕ ಹಿಡಿದರು. ಮನೆಯವರಿಗೂ ಅದನ್ನೇ ಹೇಳಿಕೊಟ್ಟರು. ಮೂರು ವಾರದಲ್ಲಿ ಗುರ್ ಅನ್ನುವುದು ನಿಂತಿತು. ಕಿವಿಯ ನೋವು ನಿಲ್ಲಲಿಲ್ಲ.

ನಾಯಿಯ ಮಟ್ಟಿಗೆ ಗುರ್ ಎನ್ನುವುದು ಕೊನೆಯ ಎಚ್ಚರಿಕೆಗಳಲ್ಲೊಂದು. ಅದಕ್ಕೂ ಮೊದಲು ಅದು ಮುಖ ಆಚೆ ತಿರುಗಿಸುತ್ತದೆ, ನಿದ್ದೆ ಬಾರದೆಯೂ ಆಕಳಿಸುತ್ತದೆ, ತಿನ್ನಲು ಏನೂ ಇಲ್ಲದಿದ್ದರೂ ಮೂಗು ನೆಕ್ಕಿಕೊಳ್ಳುತ್ತದೆ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುತ್ತದೆ, ಮೈ ಬಿಗಿದು ನಿಲ್ಲುತ್ತದೆ. ಇದಾವುದೂ ನಮಗೆ ಕಾಣದೇ ಹೋದಾಗ ಗುರ್ ಅನ್ನುತ್ತದೆ. ಅದಕ್ಕೂ ಪೆಟ್ಟು ಬಿದ್ದರೆ ಇನ್ನು ಉಳಿದದ್ದು ಹಲ್ಲು ಮಾತ್ರ. ನನ್ನ ಮೇಜಿನ ಮೇಲೆ ನಾನು ಅತಿ ಹೆಚ್ಚು ಹೆದರುವುದು ಸದ್ದಿಲ್ಲದ ನಾಯಿಗೆ. ಗುರುಗುಟ್ಟುವ ನಾಯಿಯಾದರೆ ಎಲ್ಲಿ ನಿಲ್ಲಬೇಕೆಂದು ಹೇಳುತ್ತದೆ.

ಈ 'ಯಜಮಾನಿಕೆ'ಯ ಕಥೆ ತೋಳಗಳಿಂದ ಬಂದದ್ದು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಸ್ವಿಟ್ಜರ್ಲೆಂಡಿನ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಜಗಳ ನೋಡಿ, ಗುಂಪಿನಲ್ಲಿ ಮೇಲಿನ ಸ್ಥಾನಕ್ಕೆ ಹೋರಾಟ ನಡೆಯುತ್ತದೆ ಎಂದು ಬರೆದರು. ಅಮೆರಿಕದ ತೋಳ ಸಂಶೋಧಕ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದನ್ನು ಹಬ್ಬಿಸಿದರು. ಅದೇ ಮೆಕ್ ಆಮೇಲೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ವರ್ಷಗಟ್ಟಲೆ ಕಾಡಿನ ತೋಳಗಳ ಜೊತೆ ಕಳೆದು, ಗುಂಪೆಂದರೆ ಅಪ್ಪ, ಅಮ್ಮ, ಮರಿಗಳ ಸಂಸಾರ ಎಂದು 1999ರಲ್ಲಿ ಬರೆದರು. ತಮ್ಮ ಹಳೆಯ ಪುಸ್ತಕವನ್ನು ಇನ್ನು ಅಚ್ಚು ಹಾಕಬೇಡಿ ಎಂದು ಪ್ರಕಾಶಕರನ್ನು ಬೇಡಿಕೊಂಡರು. ಬರೆದವರೇ ಕೈಬಿಟ್ಟ ಮಾತನ್ನು ಹಿಡಿದು ನಾವು ನಾಯಿಗಳ ಕುತ್ತಿಗೆ ಅದುಮುತ್ತಿದ್ದೇವೆ ಎನ್ನುವುದು ನನಗೆ ತುಂಬ ಸಂಕಟದ ವಿಷಯ. ಮಲ್ಪೆ ಬಂದರಿನ ದಕ್ಕೆಯ ಊರ ನಾಯಿಗಳನ್ನು ಒಂದು ಬೆಳಗ್ಗೆ ನೋಡಿ. ಮೀನಿನ ತಲೆ ಸಿಕ್ಕಿದ ನಾಯಿ ತಿನ್ನುತ್ತದೆ, ಉಳಿದವು ದೂರ ನಿಲ್ಲುತ್ತವೆ. ಮಣಿಯುವ ನಾಯಿ ತಾನಾಗಿಯೇ ಹೊಟ್ಟೆ ತೋರಿಸಿ ಮಲಗುತ್ತದೆ. ಒಬ್ಬರು ಬಲವಂತವಾಗಿ ಕೆಡವಿ ಹಿಡಿದರೆ ಅದಕ್ಕೆ ಅರ್ಥವಾಗುವುದು ಒಂದೇ, ತನ್ನ ಜೀವಕ್ಕೆ ಅಪಾಯ ಬಂತು ಎಂದು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ, ನಾಯಿಯ ವರ್ತನೆಯ ತೊಂದರೆಗೆಂದು ತಮ್ಮಲ್ಲಿಗೆ ಬಂದ 140 ಮಾಲೀಕರನ್ನು ವಿಚಾರಿಸಿದ್ದರು. ಹೊಡೆದವರು, ಒದ್ದವರ ಪೈಕಿ ಶೇ. 43 ಮಂದಿಯ ಮೇಲೆ ನಾಯಿ ತಿರುಗಿಬಿದ್ದಿತ್ತು. ಅಂಗಾತ ಕೆಡವಿ ಹಿಡಿದವರಲ್ಲಿ ಶೇ. 31. ಬರೇ ದುರುಗುಟ್ಟಿ ನೋಡಿದವರಲ್ಲೂ ಶೇ. 30. ಮೊದಲೇ ತೊಂದರೆಯಿದ್ದ ನಾಯಿಗಳಿವು, ನಿಜ. ಆದರೆ ಜೋರು ಮಾಡುವ ತರಬೇತಿಗೆ ನಮ್ಮವರು ಕಳಿಸುವುದೂ ಇಂಥ ನಾಯಿಗಳನ್ನೇ ಅಲ್ಲವೇ?

ಬಿಗಿಯುವ ಸರಪಳಿಯನ್ನು ಜಗ್ಗಿದರೆ ಶ್ವಾಸನಾಳಕ್ಕೆ ಪೆಟ್ಟಾಗುತ್ತದೆ, ಕಣ್ಣಿನ ಒಳಗಿನ ಒತ್ತಡ ಏರುತ್ತದೆ. ಕರೆಂಟು ಹೊಡೆಯುವ ಪಟ್ಟಿ ಇನ್ನೂ ಕೆಟ್ಟದ್ದು. ದಾರಿಯಲ್ಲಿ ಸೈಕಲ್ಲಿನ ಮಗುವನ್ನು ನೋಡಿ ಬೊಗಳಿದಾಗ ಶಾಕ್ ಕೊಟ್ಟರೆ, ನಾಯಿ ಆ ನೋವನ್ನು ಗಂಟು ಹಾಕಿಕೊಳ್ಳುವುದು ಮಗುವಿನ ಜೊತೆಗೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಈ ಪಟ್ಟಿಯನ್ನು 2010ರಲ್ಲೇ ನಿಷೇಧಿಸಿದ್ದಾರೆ. ನಮ್ಮಲ್ಲೂ ಪ್ರಾಣಿಯನ್ನು ಹೊಡೆದು ಒದ್ದು ಹಿಂಸಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಕಲಿಸಲೆಂದು ಹೊಡೆದೆ ಅಂದರೆ ಹಿಂಸೆ ಕಡಿಮೆಯಾಗುವುದಿಲ್ಲ.

ಪ್ರಾಕ್ಟೀಸಿನ ಮೊದಲ ವರ್ಷಗಳಲ್ಲಿ ನಾನೂ "ಸ್ವಲ್ಪ ಜೋರು ಮಾಡಿ" ಎಂದು ಹೇಳಿ ಕಳಿಸಿದ್ದುಂಟು. ಆ ನಾಯಿಗಳನ್ನು ನೆನೆದರೆ ಇವತ್ತಿಗೂ ಬೇಸರವಾಗುತ್ತದೆ.

ಊಟದ ತಟ್ಟೆಯ ಜಗಳ ನನ್ನಲ್ಲಿಗೆ ಪ್ರತಿ ವಾರ ಬರುತ್ತದೆ. ತಿನ್ನುವ ಮಧ್ಯೆ ತಟ್ಟೆ ಎಳೆದು "ನಾನು ಕೊಟ್ರೆ ಮಾತ್ರ ನಿಂಗೆ" ಎಂದು ತೋರಿಸುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ನಾಯಿಗೆ ಅದರಿಂದ ತಿಳಿಯುವುದು, ಈ ಕೈ ಹತ್ತಿರ ಬಂದರೆ ಊಟ ಹೋಗುತ್ತದೆ ಎಂದು. ಇದನ್ನು ತಿರುಗಿಸಿ. ನಾಯಿ ಗಂಜಿ ತಿನ್ನುತ್ತಿರುವಾಗ, ಅದು ಮೈ ಬಿಗಿಯದಷ್ಟು ದೂರದಲ್ಲಿ ಹಾದುಹೋಗುತ್ತಾ, ಗಂಜಿಗಿಂತ ರುಚಿಯಾದ ಬೇಯಿಸಿದ ಮೊಟ್ಟೆಯ ಚೂರೊಂದನ್ನು ತಟ್ಟೆಯತ್ತ ಎಸೆದು ಮುಂದೆ ಹೋಗಿ. ನಿಲ್ಲಬೇಡಿ, ಬಗ್ಗಬೇಡಿ. ದಿನವೂ ಹೀಗೆ ಮಾಡಿದರೆ, ನಿಮ್ಮ ಹೆಜ್ಜೆಯ ಸದ್ದಿಗೆ ಅದು ತಲೆಯೆತ್ತಿ ಬಾಲ ಆಡಿಸುವ ದಿನ ಬರುತ್ತದೆ. ಆಮೇಲಷ್ಟೇ ಒಂದು ಹೆಜ್ಜೆ ಹತ್ತಿರ. ಅವಸರ ಮಾಡಿದರೆ ಮತ್ತೆ ಮೊದಲಿನಿಂದ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಈ ಪ್ರಯೋಗವೂ ಬೇಡ. ನಾಯಿಗೆ ಬೇರೆ ಕೋಣೆಯಲ್ಲಿ ಊಟ ಹಾಕಿ ಬಾಗಿಲು ಎಳೆದುಕೊಳ್ಳಿ.

ಇದ್ದಕ್ಕಿದ್ದಂತೆ ಸ್ವಭಾವ ಬದಲಾದ ನಾಯಿಯನ್ನು ತರಬೇತಿಗೆ ಕಳಿಸುವ ಮೊದಲು ವೈದ್ಯರಿಗೆ ತೋರಿಸಿ. ಕಿವಿ, ಹಲ್ಲು, ಸೊಂಟದ ಕೀಲು, ಉಣ್ಣಿ ಜ್ವರ, ಏನೂ ಇರಬಹುದು. ತರಬೇತುದಾರರನ್ನು ಗೊತ್ತುಮಾಡುವಾಗ ಒಂದೇ ಪ್ರಶ್ನೆ ಕೇಳಿ: ನಾಯಿ ಹೇಳಿದ್ದು ಕೇಳದಿದ್ದರೆ ನೀವೇನು ಮಾಡುತ್ತೀರಿ? ಹೊಡೆಯುತ್ತೇನೆ, ಕೆಡವುತ್ತೇನೆ ಅನ್ನುವವರ ಕೈಗೂ, ನೀವು ಎದುರಿಗೆ ಇರಬಾರದು ಅನ್ನುವವರ ಕೈಗೂ ನಾಯಿಯನ್ನು ಕೊಡಬೇಡಿ.

ಆ ಲ್ಯಾಬ್ರಡಾರಿನ ಕಿವಿಗೆ ಒಂದು ತಿಂಗಳು ಔಷಧಿ ನಡೆಯಿತು. ಮೊದಲ ಸಲ ಅರಿವಳಿಕೆ ಕೊಟ್ಟೇ ತೊಳೆಯಬೇಕಾಯಿತು. ಮನೆಯಲ್ಲಿ ಕೆಡವುವುದು, ಗದರುವುದು ನಿಂತಿತು. ಹುಡುಗಿಗೆ ನಾಯಿಯ ಹತ್ತಿರ ತಾನು ಹೋಗದೆ, ಅದನ್ನೇ ಕರೆಯಲು, ಬಾರದಿದ್ದರೆ ಬಿಟ್ಟುಬಿಡಲು ಹೇಳಿಕೊಟ್ಟೆವು. ದೊಡ್ಡವರಿಲ್ಲದೆ ಇಬ್ಬರೂ ಒಂದೆಡೆ ಇರಬಾರದು ಎಂದೂ ಹೇಳಿದ್ದೆ. ದೀಪಾವಳಿ ಕಳೆದ ಮೇಲೆ ತಾಯಿಯ ಫೋನ್ ಬಂತು, ದನಿಯಲ್ಲಿ ಗಾಬರಿ.

"ಡಾಕ್ಟ್ರೇ, ಇವತ್ತು ತಲೆ ಒರೆಸುವಾಗ ನಂಗೆ ಗುರ್ ಅಂತು."

"ನೀವೇನು ಮಾಡಿದ್ರಿ ಅಕ್ಕ?"

"ಕೈ ತೆಗೆದೆ. ದೂರದಿಂದ್ಲೇ ನೋಡಿದೆ. ಎಡಗಿವಿ ಸ್ವಲ್ಪ ಕೆಂಪಾದ ಹಾಗೆ ಕಾಣ್ತದೆ."

ಸಂಜೆಗೆ ಕರೆದುಕೊಂಡು ಬನ್ನಿ ಎಂದೆ.