ಮಾತ್ರೆ ನುಂಗಿದ ಮೇಲೆ: ವಿಟಮಿನ್ ಹೀರಿಕೆಯ ಪಾಠಕ್ಕೊಂದು ಟಿಪ್ಪಣಿ

ಬಾಳೆಕಾಯಿ ಹೆಚ್ಚಿದ ಮೆಟ್ಟುಕತ್ತಿಯನ್ನು ತೊಳೆಯದೆ ಬಿಟ್ಟರೆ ಅಲಗು ಕಪ್ಪಾಗುತ್ತದೆ. ಹಸಿ ಅಡಿಕೆ ಕತ್ತರಿಸಿದರೂ ಅಷ್ಟೇ. ಕೇರಳದ ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲಿನ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡು ಕಪ್ಪು ಬಣ್ಣದ ಸಂಯುಕ್ತವಾಗುತ್ತದೆ. ನರ್ಸಿಂಗ್ ಮೊದಲ ವರ್ಷದಲ್ಲಿ ಪೋಷಕಾಂಶಗಳ ಹೀರಿಕೆಯ ಪಾಠ ನನ್ನ ತಲೆಗೆ ಹತ್ತಿದ್ದು ಈ ಕತ್ತಿ ನೆನಪಾದ ಮೇಲೆಯೇ.

ಅಮ್ಮ ಮೂರು ತಿಂಗಳಿಂದ ಕಬ್ಬಿಣದ ಮಾತ್ರೆಯನ್ನು ಬೆಳಗಿನ ಚಹಾದ ಜೊತೆಗೆ ನುಂಗುತ್ತಿದ್ದರು. ಹಿಮೋಗ್ಲೋಬಿನ್ ಏರಿರಲಿಲ್ಲ. ಒಂದು ಮಾತ್ರೆಯನ್ನು ಸ್ಟೀಲ್ ಚಮಚದಲ್ಲಿ ಪುಡಿಮಾಡಿ, ಹಾಲು ಬೆರೆಸದ ಕಡುಚಹಾವನ್ನು ಅದರ ಮೇಲೆ ಸುರಿದೆ. ನೋಡುತ್ತಿದ್ದಂತೆ ಚಹಾ ಶಾಯಿಯ ಬಣ್ಣಕ್ಕೆ ತಿರುಗಿತು. ಅಮ್ಮ ಚಮಚವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಹೊಟ್ಟೆಯೊಳಗೂ ಹೀಗೇ ಆಗುತ್ತದೆಯೇ?" ಎಂದು ಕೇಳಿದರು. ಸಣ್ಣಕರುಳಿನಲ್ಲಿ ಹೆಚ್ಚುಕಡಿಮೆ ಹೀಗೇ. ಟ್ಯಾನಿನ್ನಿಗೆ ಕಚ್ಚಿಕೊಂಡ ಕಬ್ಬಿಣ ಕರುಳಿನ ಗೋಡೆಯನ್ನು ದಾಟುವುದಿಲ್ಲ, ಮಲದಲ್ಲಿ ಹೊರಗೆ ಹೋಗುತ್ತದೆ. ಊಟದ ಮೇಲೆ ಕವಳ ಹಾಕುವ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕು: ಅಡಿಕೆಯಲ್ಲಿ ಟ್ಯಾನಿನ್, ಸುಣ್ಣದಲ್ಲಿ ಕ್ಯಾಲ್ಸಿಯಂ, ಎರಡೂ ಕಬ್ಬಿಣಕ್ಕೆ ಅಡ್ಡಿ.

ಪರೀಕ್ಷೆಗೆಂದು ನಾವು ವಿಟಮಿನ್ನಿನ ಹೆಸರು ಮತ್ತು ಕೊರತೆಯಿಂದ ಬರುವ ರೋಗ ಎಂದು ಎರಡು ಕಾಲಂ ಬಾಯಿಪಾಠ ಮಾಡುತ್ತೇವೆ. ಮೂರನೆಯ ಕಾಲಂ ಒಂದನ್ನು ಗೆರೆ ಎಳೆದು ಸೇರಿಸಿಕೊಳ್ಳಿ: ಇದು ಕರುಳನ್ನು ದಾಟುವುದು ಹೇಗೆ, ಯಾವುದರ ಜೊತೆ? ಯಾವ ಮಾತ್ರೆ ಕೊಳ್ಳಬೇಕು, ಯಾವಾಗ ನುಂಗಬೇಕು ಎಂಬ ಎರಡಕ್ಕೂ ಉತ್ತರ ಆ ಕಾಲಂನಲ್ಲೇ ಸಿಗುತ್ತದೆ.

ನೀರಿನವು, ಎಣ್ಣೆಯವು

ಬಿ ಗುಂಪಿನವು ಮತ್ತು ಸಿ ನೀರಿನಲ್ಲಿ ಕರಗುತ್ತವೆ. ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುತ್ತವೆ. ಇಷ್ಟು ಎಲ್ಲರಿಗೂ ಗೊತ್ತು. ಇದರಿಂದ ಏನಾಗುತ್ತದೆ ಎಂಬುದನ್ನು ಅಡುಗೆಮನೆಯಲ್ಲಿ ನೋಡಬೇಕು.

ನಮ್ಮ ಕುಚ್ಚಲಕ್ಕಿಯನ್ನೇ ತೆಗೆದುಕೊಳ್ಳಿ. ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನ ಪದರದಲ್ಲಿರುವ ಬಿ1 ನೀರಿನೊಂದಿಗೆ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿನಲ್ಲಿ ತೌಡು ಹೋದರೂ ಒಳಗಿಳಿದದ್ದು ಉಳಿಯುತ್ತದೆ. ಜಾವಾದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳ ಕಾಲು ಸೋತುಹೋಗುವುದನ್ನು, ತೌಡಿರುವ ಅಕ್ಕಿ ಕೊಟ್ಟಾಗ ಚೇತರಿಸಿಕೊಳ್ಳುವುದನ್ನು ಕಂಡರು. ಬಿ1 ಕೊರತೆಯಿಂದ ಬರುವ ಬೆರಿಬೆರಿ ರೋಗದ ಗುಟ್ಟು ಅಲ್ಲಿಂದ ಬಿಚ್ಚಿಕೊಂಡಿತು. 1929ರಲ್ಲಿ ಅವರಿಗೆ ನೊಬೆಲ್ ಬಂತು. 'ವಿಟಮಿನ್' ಎಂಬ ಹೆಸರಿನ ಮೊದಲ ರೂಪವನ್ನು ಕ್ಯಾಸಿಮಿರ್ ಫಂಕ್ ಟಂಕಿಸಿದ್ದು 1912ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ನಮ್ಮ ಅಜ್ಜಿಯಂದಿರು ಭತ್ತ ಬೇಯಿಸುತ್ತಿದ್ದರು ಎಂದು ನೆನೆದಾಗ ನನಗೆ ನಿಜವಾಗಿಯೂ ಹೆಮ್ಮೆಯಾಗುತ್ತದೆ. ಅನ್ನ ಬಸಿದ ತಿಳಿಯನ್ನು ಚೆಲ್ಲಿದರೆ ನೀರಿನಲ್ಲಿ ಕರಗುವ ವಿಟಮಿನ್ ಅದರೊಂದಿಗೇ ಹೋಗುತ್ತದೆ. ಗಂಜಿಯಲ್ಲಿ ಅದು ಬಟ್ಟಲಿನಲ್ಲೇ ಇರುತ್ತದೆ.

ಅದೇ ಗಂಜಿಯ ಮೇಲೆ ಡಿ ವಿಟಮಿನ್ ನುಂಗಿದರೆ ಅಷ್ಟು ಪ್ರಯೋಜನವಿಲ್ಲ. ಕೊಬ್ಬು ಬಂದಾಗ ಪಿತ್ತರಸ ಚೆನ್ನಾಗಿ ಸುರಿಯುತ್ತದೆ, ಪಿತ್ತರಸ ಸುರಿದಾಗ ಡಿ ಚೆನ್ನಾಗಿ ಕರಗಿ ಕರುಳಿನ ಕೋಶಕ್ಕೆ ಸೇರುತ್ತದೆ. ಗಂಜಿ-ಉಪ್ಪಿನಕಾಯಿಯಲ್ಲಿ ಕೊಬ್ಬು ತೀರಾ ಕಡಿಮೆ. ಮಧ್ಯಾಹ್ನ ತೆಂಗಿನಕಾಯಿ ಅರೆದು ಮಾಡಿದ ಬಸಳೆ ಸಾಂಬಾರೋ ಬೂತಾಯಿ ಗಸಿಯೋ ಇರುವ ಊಟದ ಬೆನ್ನಿಗೆ ನುಂಗುವುದು ಒಳ್ಳೆಯದು.

ಸಿ ವಿಟಮಿನ್ನಿನ ಬಗ್ಗೆ ಒಂದೇ ಮಾತು: 200 ಮಿಲಿಗ್ರಾಂವರೆಗೆ ಹೆಚ್ಚಿನಂಶ ಹೀರಲ್ಪಡುತ್ತದೆ, 1 ಗ್ರಾಂ ಮೀರಿದರೆ ಅರ್ಧಕ್ಕಿಂತ ಕಡಿಮೆ. ದುಡ್ಡು ಕೊಟ್ಟು ದೊಡ್ಡ ಮಾತ್ರೆ ಕೊಳ್ಳುವ ಮೊದಲು ನೆಲ್ಲಿಕಾಯಿಯನ್ನು ನೆನಪಿಸಿಕೊಳ್ಳಿ.

ಬಿ12ರ ದಾರಿ

ಇದು ಪಾಠದ ಕಷ್ಟದ ಭಾಗ, ನನಗೆ ಬಹಳ ಇಷ್ಟವಾದದ್ದೂ ಇದೇ. ಆಹಾರದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜಠರದ ಆಮ್ಲವೂ ಪೆಪ್ಸಿನ್ನೂ ಅದನ್ನು ಬಿಡಿಸುತ್ತವೆ. ಜಠರದ ಗೋಡೆಯ ಕೋಶಗಳೇ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನು ಸಣ್ಣಕರುಳಿನಲ್ಲಿ ಅದರ ಕೈ ಹಿಡಿದು ಕೊನೆಯ ತುದಿಯವರೆಗೆ ಕರೆದೊಯ್ಯುತ್ತದೆ. ಅಲ್ಲಿ ಮಾತ್ರ ಅದಕ್ಕೆ ಬಾಗಿಲು ಇದೆ. ಆ ಬಾಗಿಲು ಒಂದು ಸಲಕ್ಕೆ ಸುಮಾರು 1.5ರಿಂದ 2 ಮೈಕ್ರೋಗ್ರಾಂ ಮಾತ್ರ ಬಿಡುತ್ತದೆ.

ಹಾಗಾದರೆ ಅಂಗಡಿಯಲ್ಲಿ ಸಿಗುವ 1,500 ಮೈಕ್ರೋಗ್ರಾಂ ಮಾತ್ರೆ ಏಕೆ? ಈ ಬಾಗಿಲಿನ ಹೊರತಾಗಿ, ಸುಮ್ಮನೆ ಜಿನುಗಿ ಒಳಸೇರುವ ದಾರಿಯೂ ಒಂದಿದೆ; ಅದರಲ್ಲಿ ಹೋಗುವುದು ಶೇಕಡಾ 1ರಷ್ಟು. 1,500ರಲ್ಲಿ ಶೇಕಡಾ 1 ಎಂದರೆ 15 ಮೈಕ್ರೋಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 2ರ ಆಸುಪಾಸು. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದವರಿಗೂ ದೊಡ್ಡ ಡೋಸಿನ ಮಾತ್ರೆ ಕೆಲಸಕ್ಕೆ ಬರುವುದು ಈ ಲೆಕ್ಕದಿಂದ.

ಕೊರತೆ ಯಾರಲ್ಲಿ ಹೆಚ್ಚು? ಸಸ್ಯಾಹಾರಿಗಳಲ್ಲಿ, ಅದರಲ್ಲೂ ಹಾಲು ಮಜ್ಜಿಗೆ ಬಿಟ್ಟವರಲ್ಲಿ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ. ಎದೆಯುರಿಗೆಂದು ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಯನ್ನು ಬಹುಕಾಲ ತೆಗೆದುಕೊಳ್ಳುವವರಲ್ಲಿ. ಆಮ್ಲವಿಲ್ಲದೆ ಬಿ12 ಆಹಾರದಿಂದ ಬಿಡಿಸಿಕೊಳ್ಳುವುದಿಲ್ಲ. ಇಂಥವರಿಗೆ ಪಾದ ಜುಮ್ಮೆನ್ನುತ್ತಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಬರೀ ಫೋಲಿಕ್ ಆಮ್ಲದ ಮಾತ್ರೆ ಕೊಟ್ಟರೆ ರಕ್ತಹೀನತೆ ಸರಿಹೋದಂತೆ ಕಾಣಬಹುದು, ಒಳಗೆ ನರಗಳ ಹಾನಿ ಮುಂದುವರಿಯುತ್ತಿರುತ್ತದೆ. ಪರೀಕ್ಷೆಯಲ್ಲಿ ಕೇಳಲಿ ಬಿಡಲಿ, ಇದನ್ನು ಮರೆಯಬಾರದು.

ಲೇಬಲ್ ಓದುವಾಗ

ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಹಿಂಭಾಗಕ್ಕೆ ಹೋಗಿ. 1,250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ಕ್ಯಾಲ್ಸಿಯಂ ಇರುವುದು 500 ಮಿಲಿಗ್ರಾಂ. ಅದನ್ನು ಊಟದೊಂದಿಗೆ ತೆಗೆದುಕೊಳ್ಳಬೇಕು, ಒಂದು ಸಲಕ್ಕೆ ಅಷ್ಟು ಸಾಕು, ಕಬ್ಬಿಣದ ಮಾತ್ರೆಯ ಜೊತೆ ಬೇಡ. ಫೆರಸ್ ಫ್ಯೂಮರೇಟ್ ಆದರೆ ಮೂರನೆಯ ಒಂದು ಪಾಲು ಕಬ್ಬಿಣ. ಆಹಾರ ಪೂರಕ ಎಂದು ಮಾರುವ ಡಬ್ಬಿಯ ಮೇಲೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಮಿಲಿಗ್ರಾಂ, ಮೈಕ್ರೋಗ್ರಾಂ ಎರಡರ ನಡುವೆ ಸಾವಿರ ಪಟ್ಟು ಅಂತರ ಎಂಬುದನ್ನು ಬೆರಳಿಟ್ಟು ನೋಡಿ. ಗರ್ಭಿಣಿಯರಿಗೆ ರೆಟಿನಾಲ್ ರೂಪದ ಎ ಹೆಚ್ಚಾದರೆ ಮಗುವಿಗೆ ಅಪಾಯ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಕೆ ಇರುವ ಮಾತ್ರೆಯನ್ನು ವೈದ್ಯರಿಗೆ ಹೇಳದೆ ಮುಟ್ಟಬಾರದು.

ಎಂಟು ಪೊಟ್ಟಣ

ಡಿ ವಿಟಮಿನ್ ಪುಡಿಯ ಪೊಟ್ಟಣವೊಂದರಲ್ಲಿ 60,000 ಯೂನಿಟ್ ಇರುತ್ತದೆ. ದಿನದ ಅಗತ್ಯ 600 ಯೂನಿಟ್. ಒಂದು ಪೊಟ್ಟಣವೆಂದರೆ ನೂರು ದಿನಗಳದ್ದು. ವೈದ್ಯರು ಅದನ್ನು ವಾರಕ್ಕೊಂದರಂತೆ ಕೆಲವು ವಾರಗಳಿಗೆ ಬರೆಯುತ್ತಾರೆ. ನಮ್ಮ ನೆರೆಮನೆಯ ಅಜ್ಜಿ ಅದನ್ನು ದಿನಕ್ಕೊಂದರಂತೆ ಎಂಟು ದಿನ ತೆಗೆದುಕೊಂಡಿದ್ದರು. ಚೀಟಿ ಇಂಗ್ಲಿಷಿನಲ್ಲಿತ್ತು. ಅಂಗಡಿಯವರು ಹೇಳಿದ್ದು ಮಲಯಾಳದಲ್ಲಿ. ಅಜ್ಜಿಗೆ ಬರುವುದು ತುಳು, ಓದಲು ತಿಳಿಯುವುದು ಕನ್ನಡ. ಎಣ್ಣೆಯಲ್ಲಿ ಕರಗುವ ವಿಟಮಿನ್ ಮೂತ್ರದಲ್ಲಿ ಸುಲಭವಾಗಿ ಹೊರಹೋಗದೆ ಮೈಯಲ್ಲೇ ಕೂರುತ್ತದೆ, ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ. ವಾಂತಿ, ಬಾಯಾರಿಕೆ, ಮಲಬದ್ಧತೆ ಆಗಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಖಾಲಿ ಪೊಟ್ಟಣಗಳನ್ನು ನಾನು ನೋಡಿದ ದಿನವೇ ವೈದ್ಯರ ಬಳಿ ಕರೆದೊಯ್ದೆವು. ಅವರು ಪುಡಿ ನಿಲ್ಲಿಸಿ, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿದರು. ದೊಡ್ಡ ತೊಂದರೆ ಆಗಲಿಲ್ಲ.

ಅಂದಿನಿಂದ ಗುಡ್ಡದ ಆಚೀಚೆಯ ಐದು ಮನೆಗಳ ಔಷಧಿ ಡಬ್ಬಿಗಳಿಗೆ ಕನ್ನಡದ ಚೀಟಿ ಅಂಟಿಸುತ್ತಿದ್ದೇನೆ. ಅಮ್ಮನ ಡಬ್ಬಿಯ ಮೇಲೆ ಹೀಗೆ ಬರೆದಿದೆ: "ಕಬ್ಬಿಣ. ಬೆಳಗ್ಗೆ 11 ಗಂಟೆ. ಲಿಂಬೆ ಹಿಂಡಿದ ನೀರಿನಲ್ಲಿ. ಚಹಾ ಕುಡಿದು ಎರಡು ಗಂಟೆಯಾದ ಮೇಲೆ."