ಕಾಯಿತುರಿ, ಒಗ್ಗರಣೆ, ತುಪ್ಪ ಬರೆದಿಡುವ ಲೆಕ್ಕ

ಪಲ್ಯದ ಕ್ಯಾಲೊರಿ ಲೆಕ್ಕ ಬರೆಯುವಾಗ ಬೀನ್ಸ್ ತೂಗುತ್ತೇವೆ, ಎಣ್ಣೆಯನ್ನು ಬಿಡುತ್ತೇವೆ. 100 ಗ್ರಾಂ ಬೀನ್ಸ್‌ನಲ್ಲಿ ಇರುವುದು ಸುಮಾರು 31 ಕ್ಯಾಲೊರಿ. ಟೀ ಚಮಚದಷ್ಟು, ಅಂದರೆ 5 ಮಿ.ಲೀ. ಎಣ್ಣೆಯಲ್ಲಿ 40. ತೆಂಗಿನೆಣ್ಣೆಯಾಗಲಿ ಶೇಂಗಾ ಎಣ್ಣೆಯಾಗಲಿ ತುಪ್ಪವಾಗಲಿ, ಗ್ರಾಂಗೆ ಹೆಚ್ಚುಕಡಿಮೆ 9. ಬೆಣ್ಣೆಯಲ್ಲಿ ನೀರು ಇರುವುದರಿಂದ 7ರ ಹತ್ತಿರ.

ಎಣ್ಣೆಗೆ ಚಮಚ ಬೇಡ, ಬಾಟಲಿಯನ್ನೇ ತೂಗಿ. ಅಡುಗೆಗೆ ಮೊದಲು 742 ಗ್ರಾಂ, ಮುಗಿದ ಮೇಲೆ 718 ಇದ್ದರೆ ಹೋದದ್ದು 24 ಗ್ರಾಂ, 216 ಕ್ಯಾಲೊರಿ. ನಡುವೆ ಎಷ್ಟು ಸಲ ಸುರಿದರೂ ತಪ್ಪುವುದಿಲ್ಲ. ತುಪ್ಪದ ಮಿಳ್ಳೆಗೂ ಇದೇ ಉಪಾಯ. ಮಲೆನಾಡಿನ ಚಳಿಗಾಲದ ಬೆಳಗ್ಗೆ ತುಪ್ಪ, ತೆಂಗಿನೆಣ್ಣೆ ಎರಡೂ ಹೆಪ್ಪುಗಟ್ಟಿರುತ್ತವೆ. ಗಟ್ಟಿ ತುಪ್ಪ ಚಮಚದ ಮೇಲೆ ಗುಡ್ಡೆಯಾಗಿ ನಿಲ್ಲುವುದರಿಂದ ರೊಟ್ಟಿಗೆ "ಒಂದು ಚಮಚ" ಹಾಕಿದ್ದು ಎರಡು ಚಮಚದಷ್ಟೇ ಆಗಿರಬಹುದು. ಮಿ.ಲೀ. ಮತ್ತು ಗ್ರಾಂ ಒಂದೇ ಅಲ್ಲ ಎನ್ನುವುದೂ ನಿಜ (1 ಲೀಟರ್ ಎಣ್ಣೆಯ ಎಷ್ಟೋ ಪ್ಯಾಕೆಟ್‌ಗಳ ಮೇಲೆ 910 ಗ್ರಾಂ ಎಂದಿರುತ್ತದೆ), ಆದರೆ ಅದರಿಂದ ಬರುವ ತಪ್ಪು ಹತ್ತರಲ್ಲಿ ಒಂದು ಪಾಲೂ ಇಲ್ಲ. ಗುಡ್ಡೆ ಚಮಚದ ತಪ್ಪು ಇಮ್ಮಡಿ.

ಎಲ್ಲರೂ ಎಡವುವುದು ಪಾಲು ಮಾಡುವಲ್ಲಿ. ಬೀನ್ಸ್ 400 ಗ್ರಾಂ, 124 ಕ್ಯಾಲೊರಿ. ಕಾಯಿತುರಿ 60 ಗ್ರಾಂ, 212. ಎಣ್ಣೆ 24 ಗ್ರಾಂ, 216. ಒಟ್ಟು 552. ಕಾಯಿತುರಿಯೂ ಎಣ್ಣೆಗೆ ಸಮಸಮ ಬಂತು, ನೋಡಿ. ಮೇಲೆ ಉದುರಿಸಿದ್ದು ಅಂತ ಅದನ್ನು ಬಿಟ್ಟರೆ ಲೆಕ್ಕವೇ ಹಳ್ಳ ಹಿಡಿಯುತ್ತದೆ. ಈಗ 552ನ್ನು ಯಾವುದರಿಂದ ಭಾಗಿಸಬೇಕು? ಹಸಿ ತೂಕ 484 ಅಲ್ಲ. ಬೇಯುವಾಗ ನೀರು ಆವಿಯಾಗಿ ಪಲ್ಯ 420 ಗ್ರಾಂಗೆ ಇಳಿದಿರುತ್ತದೆ. ಹೋದದ್ದು ನೀರು ಮಾತ್ರ, ಕ್ಯಾಲೊರಿ ಬಾಣಲೆಯಲ್ಲೇ ಇದೆ. 552 ÷ 420 ಅಂದರೆ ಗ್ರಾಂಗೆ 1.31. ತಟ್ಟೆಗೆ 105 ಗ್ರಾಂ ಬಡಿಸಿಕೊಂಡರೆ 138. ಹಸಿ ತೂಕದಿಂದ ಭಾಗಿಸಿದರೆ 120 ಬಂದು 18 ಕಳೆದುಹೋಗುತ್ತದೆ. ಸಾರಿನಲ್ಲಿ ತಲೆಕೆಳಗು: ನೀರು ಸೇರಿ ತೂಕ ಏರುತ್ತದೆ. ಅಲ್ಲೂ ಕುದಿದು ಇಳಿಸಿದ ಮೇಲಿನ ತೂಕವೇ ಬೇಕು. ಬಾಣಲೆ, ಪಾತ್ರೆಗಳ ಖಾಲಿ ತೂಕವನ್ನು ಒಮ್ಮೆ ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದರೆ ಒಂದೇ ಕಳೆಯುವಿಕೆ ಸಾಕು. ಸಾರಿನ ಒಗ್ಗರಣೆ ಮೇಲೆ ತೇಲುತ್ತದೆ, ಕಲಕದೆ ಬಡಿಸಿದರೆ ಮೊದಲ ಸೌಟಿಗೇ ಎಣ್ಣೆಯೆಲ್ಲ.

ಬಜ್ಜಿ, ವಡೆ ಕರಿಯುವಾಗ ತಿಂಡಿಯನ್ನು ತೂಗಿ ಎಣ್ಣೆ ಊಹಿಸಬೇಡಿ. ಅದು ನೀರು ಬಿಟ್ಟು ಎಣ್ಣೆ ಹೀರುವುದರಿಂದ ಎರಡೂ ಕಲಸಿಹೋಗುತ್ತವೆ. ಕರಿಯುವ ಎಣ್ಣೆಯನ್ನೇ ಮೊದಲೊಮ್ಮೆ, ಆರಿದ ಮೇಲೊಮ್ಮೆ ತೂಗಿ.

ಚಟ್ನಿಪುಡಿಗೆ ಡಬ್ಬಿ ಪೂರ್ತಿಯ ಲೆಕ್ಕ ಒಮ್ಮೆ ಮಾಡಿಟ್ಟರೆ ಆಯಿತು; ಒಣಕೊಬ್ಬರಿ 100 ಗ್ರಾಂಗೆ 660ರ ಸುಮಾರು. ಕಲಸಿಕೊಳ್ಳುವ ಎಣ್ಣೆಯನ್ನು ಬೇರೆ ಬರೆಯಿರಿ. ಗೊಜ್ಜಿನ ಬೆಲ್ಲ 10 ಗ್ರಾಂಗೆ 38. ಜೋನಿಬೆಲ್ಲದಲ್ಲಿ ನೀರಿರುವುದರಿಂದ ಗ್ರಾಂಗೆ ಸ್ವಲ್ಪ ಕಡಿಮೆ, ಆದರೆ ದೋಸೆಯ ಮೇಲೆ ಹರಿದು ಹೆಚ್ಚು ಬೀಳುತ್ತದೆ. ಉಪ್ಪಿನಕಾಯಿಗೆಲ್ಲ ಒಂದೇ ಅಂಕಿ ಹಾಕಬೇಡಿ: ಉಪ್ಪುನೀರು, ಸಾಸಿವೆ, ಮೆಣಸಿನಪುಡಿಯಲ್ಲಿ ಹಾಕಿದ ಅಪ್ಪೆಮಿಡಿಗೆ ಎಣ್ಣೆಯೇ ಇಲ್ಲ, ಎಣ್ಣೆಯಲ್ಲಿ ಮುಳುಗಿದ ಹೋಳಿನ ಉಪ್ಪಿನಕಾಯಿಗೆ ಚಮಚದ ಜೊತೆ ಬರುವ ಎಣ್ಣೆಯೇ ಮುಖ್ಯ ಲೆಕ್ಕ.