ಗುಂಡು ಹಾರಿಸಿದ್ದು ಸರಿಯೇ? ಹುಬ್ಬಳ್ಳಿಯ ಪ್ರಶ್ನೆಗೆ ಮೂರು ದಶಕಗಳ ಹಿನ್ನೆಲೆ

2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಬಾಲಕಿಯ ಕೊಲೆಯಾಯಿತು. ಬಿಹಾರ ಮೂಲದ ಆರೋಪಿ ಅದೇ ದಿನ ಸಿಕ್ಕಿಬಿದ್ದ, ಅದೇ ದಿನ ಗುಂಡೇಟಿಗೆ ಬಲಿಯಾದ. ಪೊಲೀಸರ ಪ್ರಕಾರ, ಅವನ ವಾಸದ ಜಾಗ ಪತ್ತೆಹಚ್ಚಲು ಕರೆದೊಯ್ದಾಗ ಕಲ್ಲು ತೂರಿ ಓಡಲು ನೋಡಿದ. ಮಹಿಳಾ ಪಿಎಸ್‌ಐ ಒಬ್ಬರು ಮೊದಲು ಗಾಳಿಯಲ್ಲಿ, ಆಮೇಲೆ ಅವನತ್ತ ಗುಂಡು ಹಾರಿಸಿದರು. ಒಂದು ಗುಂಡು ಕಾಲಿಗೆ, ಇನ್ನೊಂದು ಬೆನ್ನಿಗೆ ಬಿತ್ತು ಎಂಬುದು ಪೊಲೀಸರ ಹೇಳಿಕೆ. ಊರು ಆ ಅಧಿಕಾರಿಯನ್ನು ಕೊಂಡಾಡಿತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ತನಿಖೆ ಸಿಐಡಿ ಕೈಸೇರಿತು.

ಮಗುವಿಗೆ ಆದದ್ದನ್ನು ನೆನೆದರೆ ಯಾರಿಗಾದರೂ ರಕ್ತ ಕುದಿಯುತ್ತದೆ. ಆದರೆ ಗುಂಡು ಹಾರಿಸಿದ್ದು ಸರಿಯೇ ಎಂದು ತೀರ್ಮಾನಿಸುವಾಗ ಸತ್ತವನು ಎಂಥವನು ಎಂಬುದನ್ನು ಕಾನೂನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ನೋಡುವುದು ಕೆಲವೇ ಕ್ಷಣಗಳನ್ನು: ಪಿಸ್ತೂಲಿನ ಕುದುರೆ ಎಳೆದಾಗ ಎದುರಿಗಿದ್ದ ಅಪಾಯ ಯಾವುದು, ಬೇರೆ ದಾರಿ ಇತ್ತೇ?

ಈ ಪ್ರಶ್ನೆಯ ಬೇರು 1860ರ ಭಾರತೀಯ ದಂಡ ಸಂಹಿತೆಯಲ್ಲಿದೆ. 96ರಿಂದ 106ರವರೆಗಿನ ಕಲಂಗಳು ಆತ್ಮರಕ್ಷಣೆಗೆ ಸೇರಿದವು. 2024ರ ಜುಲೈ 1ರಿಂದ ಅವು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44. ಪೊಲೀಸರಿಗೆಂದು ಇಲ್ಲಿ ಪ್ರತ್ಯೇಕ ಹಕ್ಕು ಬರೆದಿಲ್ಲ. ನಿಮಗಿರುವ ಹಕ್ಕೇ ಪಿಎಸ್‌ಐಗೂ ಇದೆ. ಸಾವು ಅಥವಾ ತೀವ್ರ ಗಾಯದ ಭಯಕ್ಕೆ ಸಕಾರಣವಿದ್ದರೆ ಎದುರಾಳಿಯ ಪ್ರಾಣ ಹೋಗುವಷ್ಟು ಬಲ ಬಳಸಬಹುದು. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ (ಈಗಿನ 37), ಭಯ ಇರುವಷ್ಟು ಹೊತ್ತು ಮಾತ್ರ ಹಕ್ಕು ಇರುತ್ತದೆ (ಈಗಿನ 40). ಚಾಕು ಬೀಸಿದವನು ಚಾಕು ಎಸೆದು ಓಡತೊಡಗಿದರೆ ಆತ್ಮರಕ್ಷಣೆಯ ಹಕ್ಕು ಅಲ್ಲಿಗೆ ಮುಗಿಯಿತು.

ಓಡುವವನನ್ನು ಹಿಡಿಯುವುದು ಬೇರೆ ಕಲಂನ ಮಾತು. ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 46, ಈಗಿನ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 43, ಬಂಧನವನ್ನು ತಡೆಯುವವನ ಮೇಲೆ ಅಗತ್ಯವಾದ ಎಲ್ಲ ಮಾರ್ಗಗಳನ್ನೂ ಬಳಸಲು ಅನುಮತಿ ಕೊಡುತ್ತದೆ. ಜೊತೆಗೆ, ಮರಣದಂಡನೆ ಇಲ್ಲವೇ ಜೀವಾವಧಿ ಶಿಕ್ಷೆಯಾಗಬಹುದಾದ ಅಪರಾಧದ ಆರೋಪ ಇಲ್ಲದವನನ್ನು ಕೊಲ್ಲುವ ಹಕ್ಕಿಲ್ಲ ಎನ್ನುತ್ತದೆ. ಇದನ್ನು ಹಲವರು ತಲೆಕೆಳಗಾಗಿ ಓದುತ್ತಾರೆ: ಕೊಲೆ ಆರೋಪಿ ಓಡಿದರೆ ಹೊಡೆದು ಬೀಳಿಸಬಹುದು ಎಂದು. ಕಲಂ ಹಾಗೆ ಹೇಳುವುದಿಲ್ಲ. ಕೊಲೆ ಆರೋಪಿಯ ವಿಷಯದಲ್ಲೂ ಬಲ ಬಂಧನಕ್ಕೆ ಅಗತ್ಯವಾದಷ್ಟೇ ಇರಬೇಕು.

ಇಷ್ಟು ಸ್ಪಷ್ಟ ಕಾನೂನಿದ್ದೂ ದಶಕಗಳ ಕಾಲ ಇಂಥ ಪ್ರಕರಣಗಳು ನ್ಯಾಯಾಲಯ ಮುಟ್ಟದಿರಲು ಕಾರಣ ಠಾಣೆಯ ಕಾಗದಪತ್ರದ ಒಂದು ಪದ್ಧತಿ. ಎನ್‌ಕೌಂಟರ್ ಆದಾಗ ದಾಖಲಾಗುತ್ತಿದ್ದ ಎಫ್‌ಐಆರ್‌ನಲ್ಲಿ ಆರೋಪಿ ಸತ್ತವನೇ. ಅಪರಾಧ, ಪೊಲೀಸರ ಕೊಲೆ ಯತ್ನ. ಆರೋಪಿ ಸತ್ತಿರುವುದರಿಂದ ಪ್ರಕರಣ ಮುಕ್ತಾಯ. ಗುಂಡು ಹಾರಿಸಿದವರು ಹೇಳಿದ ಆತ್ಮರಕ್ಷಣೆಯ ಮಾತನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ, ಏಕೆಂದರೆ ಪರೀಕ್ಷಿಸಬೇಕಾದ ಪ್ರಕರಣವೇ ದಾಖಲಾಗಿರುತ್ತಿರಲಿಲ್ಲ.

ಇದಕ್ಕೆ ಮೊದಲ ತಡೆ ಬಂದದ್ದು ಆಂಧ್ರಪ್ರದೇಶದ ದೂರುಗಳಿಂದ. ಅಲ್ಲಿನ ನಾಗರಿಕ ಹಕ್ಕುಗಳ ಸಂಘಟನೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟಿತು. ಆಗ ಆಯೋಗದ ಅಧ್ಯಕ್ಷರಾಗಿದ್ದವರು ಕನ್ನಡಿಗರಾದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. 1997ರ ಮಾರ್ಚ್ 29ರಂದು ಅವರು ಎಲ್ಲ ಮುಖ್ಯಮಂತ್ರಿಗಳಿಗೆ ಬರೆದ ಪತ್ರ ಈ ಇತಿಹಾಸದ ತಿರುವು. ಕೊಂದದ್ದು ಅಪರಾಧವಾಗದಿರುವುದು ಎರಡೇ ಸಂದರ್ಭದಲ್ಲಿ: ಆತ್ಮರಕ್ಷಣೆ ಮತ್ತು ಬಂಧನದ ಕಲಂ. ಅವುಗಳೊಳಗೆ ಬರುತ್ತದೆಯೇ ಎಂಬುದನ್ನು ತನಿಖೆಯೇ ಹೇಳಬೇಕು. ಅದೇ ಠಾಣೆಯವರು ಗುಂಡು ಹಾರಿಸಿದ್ದರೆ ತನಿಖೆ ಸಿಐಡಿಯಂಥ ಸ್ವತಂತ್ರ ಸಂಸ್ಥೆಗೆ ಹೋಗಬೇಕು. 2003 ಮತ್ತು 2010ರಲ್ಲಿ ಆಯೋಗ ಇದನ್ನು ಬಿಗಿಗೊಳಿಸಿತು: ಸಾವಿನ ವರದಿ 48 ಗಂಟೆಯೊಳಗೆ, ಮ್ಯಾಜಿಸ್ಟ್ರೇಟ್ ವಿಚಾರಣೆ ಮೂರು ತಿಂಗಳೊಳಗೆ. ಆದರೆ ಆಯೋಗದ ಮಾತು ಶಿಫಾರಸು ಮಾತ್ರ.

ಅದಕ್ಕೆ ಬಲ ಬಂದದ್ದು 2014ರ ಸೆಪ್ಟೆಂಬರ್ 23ರಂದು. 1995ರಿಂದ 1997ರ ನಡುವೆ ಮುಂಬೈ ಪೊಲೀಸರ 99 ಎನ್‌ಕೌಂಟರ್‌ಗಳಲ್ಲಿ ಸುಮಾರು 135 ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 16 ಸೂತ್ರಗಳನ್ನು ಹಾಕಿಕೊಟ್ಟಿತು (ಪಿಯುಸಿಎಲ್ ವಿರುದ್ಧ ಮಹಾರಾಷ್ಟ್ರ). ಸುಳಿವು ಸಿಕ್ಕಿದ್ದರೆ ಮೊದಲೇ ಬರಹದಲ್ಲಿರಬೇಕು. ಸಾವಾದರೆ ಎಫ್‌ಐಆರ್ ದಾಖಲಿಸಿ ತಡಮಾಡದೆ ನ್ಯಾಯಾಲಯಕ್ಕೆ ಕಳಿಸಬೇಕು. ಸಿಐಡಿ ಅಥವಾ ಬೇರೆ ಠಾಣೆಯ ತಂಡ ತನಿಖೆ ಮಾಡಬೇಕು, ಅದರ ಮುಖ್ಯಸ್ಥರು ಗುಂಡು ಹಾರಿಸಿದ ತಂಡದ ಮುಖ್ಯಸ್ಥರಿಗಿಂತ ಕನಿಷ್ಠ ಒಂದು ದರ್ಜೆ ಮೇಲಿನವರಾಗಿರಬೇಕು. ಜಿಲ್ಲಾ ಆಸ್ಪತ್ರೆಯ ಇಬ್ಬರು ವೈದ್ಯರು ಮರಣೋತ್ತರ ಪರೀಕ್ಷೆ ಮಾಡಬೇಕು, ವಿಡಿಯೊ ಆಗಬೇಕು. ಅಧಿಕಾರಿ ತನ್ನ ಆಯುಧವನ್ನು ಪರೀಕ್ಷೆಗೆ ಒಪ್ಪಿಸಬೇಕು. ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪದಕ ಇಲ್ಲ. ಈ ಸೂತ್ರವನ್ನು ಹಾರ ಹಾಕಲು ಧಾವಿಸುವ ರಾಜಕಾರಣಿಗಳು ಓದಿಕೊಳ್ಳಬೇಕು: ತನಿಖೆ ಮುಗಿಯದ ಅಧಿಕಾರಿಗೆ ಸನ್ಮಾನ ಮಾಡಿದರೆ ಸಾಕ್ಷಿ ಹೇಳಬೇಕಾದವರ ಬಾಯಿ ಕಟ್ಟುತ್ತದೆ.

ಸಾಮಾನ್ಯವಾಗಿ ತಪ್ಪುವ ಇನ್ನೊಂದು ಅಂಶ ಕಸ್ಟಡಿ. ಸಿಆರ್‌ಪಿಸಿಗೆ ಆದ 2005ರ ತಿದ್ದುಪಡಿಯ ನಂತರ, ಪೊಲೀಸ್ ವಶದಲ್ಲಿರುವಾಗ ಸಾವಾದರೆ ವಿಚಾರಣೆ ನಡೆಸಬೇಕಾದವರು ನ್ಯಾಯಿಕ ಮ್ಯಾಜಿಸ್ಟ್ರೇಟ್, ಡಿಸಿ ಅಥವಾ ಎಸಿ ಅಲ್ಲ (ಈಗಿನ ಬಿಎನ್‌ಎಸ್‌ಎಸ್ 196). ಮಹಜರಿಗೆ ಕರೆದೊಯ್ದವನು ದಾರಿಯಲ್ಲಿ ಸತ್ತರೆ ಅವನು ವಶದಲ್ಲೇ ಇದ್ದವನು. ಅಂಥ ಸಾವನ್ನು ಎದುರಾಬದುರು ಕಾಳಗದ ಪಟ್ಟಿಗೆ ಸೇರಿಸಿಬಿಟ್ಟರೆ ಈ ರಕ್ಷಣೆ ಕೈತಪ್ಪುತ್ತದೆ.

ಇನ್ನು ದೇಹ ಮತ್ತು ನೆಲ ಹೇಳುವ ಸಾಕ್ಷ್ಯ. ಕೈಬಂದೂಕಿನ ನಳಿಗೆ ಮೈಗೆ ತಾಗಿದ್ದರೆ ಗಾಯದ ಸುತ್ತ ನಳಿಗೆಯ ಗುರುತು, ಸುಟ್ಟ ಅಂಚು. ಸುಮಾರು ಒಂದು ಅಡಿಯೊಳಗಾದರೆ ಮಸಿ. ಎರಡು ಮೂರು ಅಡಿಯವರೆಗೆ ಸುಡದ ಮದ್ದಿನ ಕಣಗಳು ಚರ್ಮದಲ್ಲಿ ಚುಕ್ಕೆಚುಕ್ಕೆಯಾಗಿ ಕೂತಿರುತ್ತವೆ. ಅದಕ್ಕೂ ದೂರವಾದರೆ ತೂತಿನ ಸುತ್ತ ತರಚಿದ ಬಳೆ ಮಾತ್ರ. ‘ಹದಿನೈದು ಅಡಿ ದೂರದಿಂದ ಹಾರಿಸಿದೆ’ ಎಂಬ ಹೇಳಿಕೆಯನ್ನು ಮಸಿ ಹಿಡಿದ ಗಾಯ ಸುಳ್ಳಾಗಿಸುತ್ತದೆ. ದಪ್ಪ ಬಟ್ಟೆ ಈ ಮಸಿಯನ್ನೆಲ್ಲ ಹೀರಿಕೊಳ್ಳುತ್ತದೆ, ಆದ್ದರಿಂದ ಅಂಗಿ ಪ್ಯಾಂಟು ಪ್ರಯೋಗಾಲಯಕ್ಕೆ ಹೋಗಲೇಬೇಕು. ರಕ್ತದ ಬಟ್ಟೆಯನ್ನು ಒಣಗಿಸದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೂಷ್ಟು ಹಿಡಿದು ಕೆಡುತ್ತದೆ, ಕಾಗದದಲ್ಲಿ ಸುತ್ತಬೇಕು.

ಬೆನ್ನಿನ ಗಾಯದ ಬಗ್ಗೆ ಎರಡೂ ಕಡೆಯವರು ಅವಸರಪಡುತ್ತಾರೆ. ಮನುಷ್ಯ ಮೈ ತಿರುಗಿಸಲು ಒಂದು ಸೆಕೆಂಡೂ ಬೇಡ, ಹಾಗಾಗಿ ಬೆನ್ನಿಗೆ ಬಿದ್ದ ಒಂದು ಗುಂಡೇ ಅಪರಾಧಕ್ಕೆ ಪುರಾವೆಯಲ್ಲ. ಆದರೆ ಅದಕ್ಕೆ ವಿವರಣೆ ಬೇಕೇ ಬೇಕು: ದೂರ, ಗುಂಡು ಸಾಗಿದ ಕೋನ, ಎರಡು ಗುಂಡುಗಳ ನಡುವಿನ ಅಂತರ.

ಸತ್ತವನೂ ಗುಂಡು ಹಾರಿಸಿದ್ದ ಎಂದರೆ ಅವನ ಕೈಯಲ್ಲಿ ಸೀಸ, ಬೇರಿಯಂ, ಆಂಟಿಮೊನಿ ಕಣಗಳನ್ನು ಹುಡುಕಬೇಕು. ತೊಳೆದರೆ, ಒರೆಸಿದರೆ ಅವು ಹೋಗುತ್ತವೆ. ಬದುಕಿರುವವನ ಕೈಯಿಂದ ಕೆಲವೇ ಗಂಟೆಗಳಲ್ಲಿ ಉದುರುತ್ತವೆ. ಶವದ ಕೈಗೆ ಆಸ್ಪತ್ರೆಗೆ ಸಾಗಿಸುವ ಮುನ್ನವೇ ಕಾಗದದ ಚೀಲ ಕಟ್ಟಬೇಕು. ಪಿಸ್ತೂಲಾದರೆ ಖಾಲಿ ತೋಟೆ ಹೊರಗೆ ಚಿಮ್ಮಿ ಬೀಳುತ್ತದೆ, ರಿವಾಲ್ವರಿನಲ್ಲಿ ಒಳಗೇ ಉಳಿಯುತ್ತದೆ. ತೋಟೆ ಬಿದ್ದ ಜಾಗವನ್ನು ಅಳತೆ ಸಮೇತ ನಕ್ಷೆಯಲ್ಲಿ ಗುರುತಿಸಿದರೆ ಹಾರಿಸಿದವರು ಎಲ್ಲಿ ನಿಂತಿದ್ದರೆಂದು ಅಂದಾಜು ಸಿಗುತ್ತದೆ. ಶಸ್ತ್ರಾಗಾರದ ಪುಸ್ತಕದಲ್ಲಿ ಕೊಟ್ಟ ಗುಂಡೆಷ್ಟು, ಮರಳಿದ್ದೆಷ್ಟು, ಸ್ಥಳದಲ್ಲಿ ಸಿಕ್ಕ ತೋಟೆ ಎಷ್ಟು ಎಂಬ ಲೆಕ್ಕ ಕೂಡಬೇಕು. ‘ಗಾಳಿಯಲ್ಲಿ ಒಂದು’ ಎಂಬ ಮಾತಿಗೂ ತೋಟೆ ಇರಬೇಕು.

ಇವೆಲ್ಲ ಸರಿಯಾಗಿ ಆಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೈದರಾಬಾದ್ ಇದೆ. 2019ರ ಡಿಸೆಂಬರ್ 6ರ ಬೆಳಗಿನ ಜಾವ ಶಾದ್‌ನಗರದ ಬಳಿ ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಕಣ್ಣಿಗೆ ಮಣ್ಣೆರಚಿ ಪಿಸ್ತೂಲು ಕಸಿದು ಗುಂಡು ಹಾರಿಸಿದರು ಎಂಬುದು ಪೊಲೀಸರ ವಿವರಣೆ. ದೇಶವೇ ಹೂ ಚೆಲ್ಲಿತು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್‌ಪುರ್ಕರ್ ಆಯೋಗದಲ್ಲಿ ಕರ್ನಾಟಕ ಕೇಡರ್‌ನ ನಿವೃತ್ತ ಐಪಿಎಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್ ಕೂಡ ಇದ್ದರು. 2022ರ ಮೇ ತಿಂಗಳಲ್ಲಿ ಬಹಿರಂಗವಾದ ವರದಿ ಆ ವಿವರಣೆಯನ್ನು ನಂಬಲಿಲ್ಲ. ಹತ್ತು ಪೊಲೀಸರನ್ನು ಕೊಲೆ ಆರೋಪದಡಿ ವಿಚಾರಣೆಗೆ ಒಳಪಡಿಸಬೇಕೆಂದಿತು. ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದೂ ಹೇಳಿತು. ನಡೆದಿದ್ದರೆ ವಿಚಾರಣೆಯಲ್ಲಿ ಬೆಳಕಿಗೆ ಬರುತ್ತಿದ್ದ ಸಂಗತಿ ಅದು.

ಕರ್ನಾಟಕದಲ್ಲಿ ನಮಗೆ ಹೆಚ್ಚು ಪರಿಚಿತವಾದದ್ದು ಸಾವಿಲ್ಲದ ರೂಪ: ‘ಆರೋಪಿಯ ಕಾಲಿಗೆ ಗುಂಡು’. ಸುದ್ದಿಯ ಒಕ್ಕಣೆ ಊರು ಬದಲಾದರೂ ಬದಲಾಗುವುದಿಲ್ಲ. ಸ್ಥಳ ಮಹಜರು, ಕಾನ್‌ಸ್ಟೆಬಲ್ ಕೈಗೆ ಗಾಯ, ಶರಣಾಗಲು ಸೂಚನೆ, ಗಾಳಿಯಲ್ಲಿ ಗುಂಡು, ಕಾಲಿಗೆ ಗುಂಡು. ಸಾವಾಗದ್ದರಿಂದ ಮ್ಯಾಜಿಸ್ಟ್ರೇಟ್ ವಿಚಾರಣೆಯ ಗೋಜಿಲ್ಲ. ಆದರೆ 2014ರ ತೀರ್ಪು ಸಾಧ್ಯವಾದ ಮಟ್ಟಿಗೆ ತೀವ್ರ ಗಾಯದ ಪ್ರಕರಣಗಳಿಗೂ ಅನ್ವಯ ಎಂದು ಅದರಲ್ಲೇ ಬರೆದಿದೆ. ಈ ಸಾಲನ್ನು ಠಾಣೆಗಳು ಮರೆತೇ ಬಿಟ್ಟಿವೆ ಎನಿಸುತ್ತದೆ.

ಕಾಲಿಗೆ ಹೊಡೆದರೆ ಸುರಕ್ಷಿತ ಎಂಬ ನಂಬಿಕೆಯೂ ತಪ್ಪು. ತೊಡೆಯ ದೊಡ್ಡ ರಕ್ತನಾಳ ಹರಿದರೆ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಮೊಣಕಾಲ ಹಿಂದಿನ ನಾಳ ಹರಿದರೆ ಕಾಲು ಕತ್ತರಿಸಬೇಕಾಗಬಹುದು. ಓಡುವ ಕಾಲು ಸಣ್ಣ ಗುರಿ, ತಪ್ಪಿದ ಗುಂಡು ಇನ್ಯಾರಿಗೋ ತಾಗುತ್ತದೆ. ಕಾನೂನಿನ ತೊಡಕು ಇನ್ನೂ ಆಳದ್ದು: ಪ್ರಾಣಭಯದ ಕ್ಷಣದಲ್ಲಿ ಮಂಡಿಯ ಕೆಳಗೆ ಗುರಿಯಿಡುವಷ್ಟು ವ್ಯವಧಾನ ಇತ್ತೆಂದರೆ ಗುಂಡೇ ಬೇಕಿತ್ತೇ ಎಂಬ ಪ್ರಶ್ನೆ ಏಳುತ್ತದೆ. ಕೊಲೆ, ಅತ್ಯಾಚಾರದಂಥ ಆರೋಪಿಗಳಿಗೆ ಕೈಕೋಳ ಹಾಕಲು ಹೊಸ ಬಿಎನ್‌ಎಸ್‌ಎಸ್ ಈಗ ನೇರವಾಗಿಯೇ ಅನುಮತಿ ಕೊಟ್ಟಿದೆ. ಕೋಳ ಹಾಕಿದ್ದರೇ, ಇಲ್ಲದಿದ್ದರೆ ಏಕೆ, ಎಷ್ಟು ಸಿಬ್ಬಂದಿ ಹೋಗಿದ್ದರು, ಕತ್ತಲಲ್ಲೇ ಏಕೆ ಹೋದರು ಎಂಬುದು ಠಾಣಾ ದಿನಚರಿಯಲ್ಲಿ ಇರಬೇಕು.

ಪೊಲೀಸರ ಪಾಲಿನ ನ್ಯಾಯವನ್ನೂ ಹೇಳಬೇಕು. ಮಚ್ಚು ಬೀಸಿದವನೆದುರು ನಿಂತವರ ನಿರ್ಧಾರವನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಎಂದು ನ್ಯಾಯಾಲಯಗಳೇ ಹೇಳಿವೆ. ಆತ್ಮರಕ್ಷಣೆ ಸಾಬೀತುಪಡಿಸುವ ಹೊಣೆ ಹಾರಿಸಿದವರದ್ದಾದರೂ, ಸಂಶಯಾತೀತವಾಗಿ ಬೇಕಿಲ್ಲ, ಸಂಭವನೀಯ ಎನಿಸಿದರೆ ಸಾಕು. ನಿಜಕ್ಕೂ ಪ್ರಾಣಾಪಾಯದಲ್ಲಿ ಹಾರಿಸಿದ ಅಧಿಕಾರಿಗೆ ಮೇಲಿನ ಸಾಕ್ಷ್ಯಗಳೇ ದೊಡ್ಡ ಆಸರೆ.

ಕೊನೆಯ ಬಾಗಿಲು, ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಬೇಕಾದ ಸರ್ಕಾರದ ಅನುಮತಿ. ಸಿಆರ್‌ಪಿಸಿ 197 ಮತ್ತು ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಬಗ್ಗೆ 2020ರ ಡಿ. ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕರ್ತವ್ಯಕ್ಕೆ ಸಂಬಂಧವಿದ್ದರೆ ಮಿತಿಮೀರಿದ ಕೃತ್ಯಕ್ಕೂ ಸರ್ಕಾರದ ಪೂರ್ವಾನುಮತಿ ಬೇಕು ಎಂದಿತು. ಕಡತ ವರ್ಷಗಟ್ಟಲೆ ಕೂರುವುದು ಇಲ್ಲೇ. ಬಿಎನ್‌ಎಸ್‌ಎಸ್ 218ರಲ್ಲಿ ಈಗ 120 ದಿನಗಳ ಗಡುವಿದೆ. ಅಷ್ಟರೊಳಗೆ ತೀರ್ಮಾನವಾಗದಿದ್ದರೆ ಅನುಮತಿ ಕೊಟ್ಟಂತೆಯೇ. ಸೂತ್ರಗಳು ಪಾಲನೆಯಾಗಿಲ್ಲ ಎನಿಸಿದ ಕುಟುಂಬ ಆ ಪ್ರದೇಶದ ಸೆಷನ್ಸ್ ನ್ಯಾಯಾಧೀಶರಿಗೆ ದೂರು ಕೊಡಬಹುದು. 2014ರ ಹದಿನಾರನೆಯ ಸೂತ್ರ ಅದೇ.